ದೊಡ್ಡರೋಗ ಹಡಗು ಹತ್ತಿದ ಕಥೆ

ಆಂಧ್ರದ ಮಂಗಳಗಿರಿಯಿಂದ ಗುಂಟೂರಿಗೆ ಹೋಗಿ ಅಮರಾವತಿಯ ರಸ್ತೆ ಹಿಡಿದರೆ ಲಾಂ ಎಂಬ ಊರು ಸಿಗುತ್ತದೆ. ಅಲ್ಲಿನ ಜಾನುವಾರು ಸಂಶೋಧನಾ ಕೇಂದ್ರ ಸಾಕಿಕೊಂಡು ಬಂದಿರುವುದು ಒಂಗೋಲು ತಳಿಯ ದನಗಳನ್ನು. ಬಿಳಿ ಮೈ, ಗಿಡ್ಡ ಕೊಂಬು, ಎತ್ತರದ ಹಿಣಿಲು, ನಡೆದಾಗ ತೂಗುವ ಗಂಗೆದೊಗಲು. ಹೊರದೇಶದ ಒಂದು ಹಸುವೋ ಕುರಿಯೋ ಕೊನೆಗೆ ಒಂದು ಸಿಗಡಿಯೋ ಈ ನೆಲಕ್ಕೆ ಬರಬೇಕಾದರೆ ಇಂದು ಎಷ್ಟೊಂದು ಕಾಗದಪತ್ರ, ಎಷ್ಟೊಂದು ತಪಾಸಣೆ. ಆ ನಿಯಮಗಳ ಮೂಲ ಹುಡುಕುತ್ತ ಹೋದರೆ ಭಾರತದ ಹಿಣಿಲಿನ ದನಗಳು ಮಾಡಿದ ಸಮುದ್ರಯಾನವೊಂದು ಎದುರಾಗುತ್ತದೆ.

ಬ್ರೆಜಿಲ್‌ನ ಬಿಸಿಲಿಗೆ, ಉಣ್ಣೆಗಳ ಕಾಟಕ್ಕೆ ಯುರೋಪಿನ ದನಗಳು ತಾಳುತ್ತಿರಲಿಲ್ಲ. 1878ರಲ್ಲಿ ಮನೊಯೆಲ್ ಲೆಮ್‌ಗ್ರೂಬರ್ ಎಂಬ ಬ್ರೆಜಿಲ್‌ನ ದನಗಾರ ಜರ್ಮನಿಯ ಹ್ಯಾಂಬರ್ಗಿನ ಮೃಗಾಲಯದಲ್ಲಿ ಒಂಗೋಲು ದನಗಳನ್ನು ಕಂಡು ಊರಿಗೆ ಒಯ್ದ. ಒಂಗೋಲು ಆಗ ನೆಲ್ಲೂರು ಜಿಲ್ಲೆಯಲ್ಲಿತ್ತು. ಹಾಗಾಗಿ ಅಲ್ಲಿ ಈ ತಳಿ ನೆಲ್ಲೋರ್ ಎಂದೇ ಹೆಸರಾಯಿತು. ಮುಂದಿನ ದಶಕಗಳಲ್ಲಿ ಭಾರತದ ನಾನಾ ತಳಿಗಳ ದನಗಳು ಹಡಗು ಹಡಗಾಗಿ ಆ ಕಡೆಗೆ ಹೋದವು.

1920ರಲ್ಲಿ ಹೀಗೆ ಬ್ರೆಜಿಲ್‌ಗೆ ಹೊರಟ ದನಗಳು ದಾರಿಯಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ತಂಗಿದವು. ಅವುಗಳ ಜೊತೆ ದೊಡ್ಡರೋಗವೂ ಇಳಿಯಿತು. ನಮ್ಮ ಹಳ್ಳಿಗಳ ಹಿರಿಯರಿಗೆ ಈ ಹೆಸರು ಸಾಕು: ಮೊದಲು ಸುಡುವ ಜ್ವರ, ಆಮೇಲೆ ಬಾಯಿ ತುಂಬ ಹುಣ್ಣು, ನಿಲ್ಲದ ಭೇದಿ, ವಾರ ಹತ್ತು ದಿನದೊಳಗೆ ಹಟ್ಟಿ ಖಾಲಿ. ಮಾರಮ್ಮನಿಗೆ ಹರಕೆ ಹೊತ್ತು ಊರ ಗಡಿಯಲ್ಲಿ ಪೂಜೆ ಮಾಡುವುದರಾಚೆ ಜನರ ಕೈಯಲ್ಲಿ ಬೇರೇನೂ ಇರಲಿಲ್ಲ. ಯುರೋಪು ಇದನ್ನು ದಾಟಿಬಂದೆವೆಂದು ನೆಮ್ಮದಿಯಿಂದಿತ್ತು. ಮಹಾಯುದ್ಧ ಮುಗಿದು ಹಾಲು ಮಾಂಸಕ್ಕೆ ಬರವಿದ್ದ ಆ ಹೊತ್ತಿನಲ್ಲಿ ರೋಗ ಮತ್ತೆ ಬಾಗಿಲಿಗೆ ಬಂದಾಗ ಸರ್ಕಾರಗಳು ಬೆಚ್ಚಿದವು. 1921ರಲ್ಲಿ ಪ್ಯಾರಿಸ್‌ನಲ್ಲಿ ಸಭೆ ಸೇರಿದವು. 1924ರ ಜನವರಿ 25ರಂದು 28 ದೇಶಗಳ ಒಪ್ಪಂದದಿಂದ ಪ್ರಾಣಿರೋಗಗಳ ಅಂತರರಾಷ್ಟ್ರೀಯ ಕಚೇರಿ ಹುಟ್ಟಿತು. ವಿಶ್ವಸಂಸ್ಥೆಗಿಂತ ಎರಡು ದಶಕ ಹಿರಿದಾದ ಈ ಸಂಸ್ಥೆಯೇ ಇಂದಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ.

ಆ ಒಪ್ಪಂದದ ತಿರುಳು ಬಹಳ ಸರಳ. ನಿಮ್ಮಲ್ಲಿ ದೊಡ್ಡರೋಗವೋ ಕಾಲುಬಾಯಿ ಜ್ವರವೋ ಕಂಡ ಕೂಡಲೇ ತಂತಿ ಕಳಿಸಿ ತಿಳಿಸಬೇಕು, ಮುಚ್ಚಿಡಬಾರದು. ವ್ಯಾಪಾರ ನಿಂತೀತೆಂಬ ಭಯಕ್ಕೆ ರೋಗ ಮುಚ್ಚಿಡುವ ಚಾಳಿ ದೇಶಗಳಿಗೂ ಇತ್ತು, ಸಂತೆಗೆ ದನ ಹೊಡೆದುಕೊಂಡು ಹೋಗುವವರಿಗೂ ಇತ್ತು. ನನ್ನ ಮಟ್ಟಿಗೆ ನೂರು ವರ್ಷದ ಈ ಇತಿಹಾಸದಲ್ಲಿ ಎಲ್ಲ ಲಸಿಕೆಗಳಷ್ಟೇ ತೂಕದ ಮಾತು, ಮುಚ್ಚಿಡಬಾರದು ಎಂಬುದು.

ರೋಗ ಹೊರಟುಬಂದ ನಾಡಿನಲ್ಲಿ ಕಾನೂನು ಇರಲಿಲ್ಲವೆಂದಲ್ಲ. 1898ರಲ್ಲೇ ಬ್ರಿಟಿಷರು ಜಾನುವಾರು ಆಮದು ಕಾಯ್ದೆ ತಂದಿದ್ದರು. ಇಂದಿಗೂ ಜಾರಿಯಲ್ಲಿರುವುದು ಅದೇ. ಅದರಲ್ಲಿ ಹೆಸರಿಸಿದ ಪ್ರಾಣಿಗಳಲ್ಲಿ ಕುದುರೆ ಮೊದಲು. ಹೆಸರಿಸಿದ ರೋಗಗಳಲ್ಲಿ ಕುದುರೆಗೆ ತಗಲುವ ಗ್ಲಾಂಡರ್ಸ್ ಇದೆ, ನೆರಡಿ ರೋಗ ಇದೆ. ರೈತನ ಕೊಟ್ಟಿಗೆಯನ್ನು ಬರಿದು ಮಾಡುತ್ತಿದ್ದ ದೊಡ್ಡರೋಗದ ಹೆಸರಿಲ್ಲ. ಅದು ಒಳಗೇ ನೆಲೆಸಿದ್ದ ರೋಗ, ಹೊರಗಿನಿಂದ ಬರುವುದನ್ನು ತಡೆಯುವ ಕಾಯ್ದೆಗೆ ಅದು ಸೇರದೆಂದು ವಾದಿಸಬಹುದು. ಆದರೆ ಆಸ್ಟ್ರೇಲಿಯಾದಿಂದ ಸೇನೆಗೆ ಬರುತ್ತಿದ್ದ ಕುದುರೆಗಳಿಗೆ ಸಿಕ್ಕ ಕಾಳಜಿ ಉಳುವ ಎತ್ತಿಗೆ ಸಿಗಲು ಬಹಳ ಕಾಲ ಹಿಡಿಯಿತು ಎಂಬುದಂತೂ ನಿಜ.

ಅತ್ತ ಬ್ರೆಜಿಲ್‌ನಲ್ಲೂ 1921ರಲ್ಲಿ ದೊಡ್ಡರೋಗ ಕಾಣಿಸಿತು. ಸಾವೊ ಪೌಲೊ ಪ್ರಾಂತ್ಯದಲ್ಲಿ ಅದನ್ನು ಅಡಗಿಸಿದ ಸರ್ಕಾರ ಭಾರತದ ದನಗಳಿಗೆ ಬಾಗಿಲು ಹಾಕಿತು. ಬಾಗಿಲು ಮತ್ತೆ ತೆರೆದು 1960ರ ದಶಕದ ಆರಂಭದಲ್ಲಿ ಕೊನೆಯ ದೊಡ್ಡ ತಂಡಗಳು ಹೋದಾಗ ಅವನ್ನು ನೇರವಾಗಿ ನೆಲಕ್ಕೆ ಇಳಿಸಲಿಲ್ಲ. ಅಟ್ಲಾಂಟಿಕ್ ಸಾಗರದ ನಡುವಿನ ಫರ್ನಾಂಡೊ ಡಿ ನೊರೊನ್ಯಾ ದ್ವೀಪದಲ್ಲಿ ಕೂಡಿಹಾಕಿ, ರೋಗವಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಒಳಗೆ ಬಿಟ್ಟರು. ಹಾಗೆ ಹೋದ ಹೋರಿಗಳಲ್ಲಿ ಒಂದರ ಹೆಸರು ಕರ್ವಾಡಿ. ಒಂಗೋಲಿನ ಪಕ್ಕದ ಕರವಡಿ ಹಳ್ಳಿಯ ಹೆಸರದು. ಅದರ ರಕ್ತ ಇಂದಿನ ನೆಲ್ಲೋರ್ ಹಿಂಡುಗಳಲ್ಲಿ ಹರಿಯುತ್ತಿದೆ.

ನಮ್ಮಲ್ಲಿ ದೊಡ್ಡರೋಗದ ವಿರುದ್ಧ ಕೆಲಸ ನಡೆದದ್ದು ಕೊಟ್ಟಿಗೆ ಕೊಟ್ಟಿಗೆಗೆ ಹೋಗಿ. ಹಿಮಾಲಯದ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಜೆ. ಟಿ. ಎಡ್ವರ್ಡ್ಸ್ 1920ರ ದಶಕದಲ್ಲಿ ವೈರಾಣುವನ್ನು ಆಡಿನಿಂದ ಆಡಿಗೆ ದಾಟಿಸುತ್ತ ಅದರ ಬಲ ಕುಗ್ಗಿಸಿ ಲಸಿಕೆ ರೂಪಿಸಿದರು. ಬೆಂಗಳೂರಿನ ಹೆಬ್ಬಾಳದಲ್ಲಿ ಇದೇ ರೋಗಕ್ಕಾಗಿ ಮೈಸೂರು ಸೀರಂ ಸಂಸ್ಥೆ ತೆರೆಯಿತು. 1954ರಲ್ಲಿ ದೇಶವ್ಯಾಪಿ ಲಸಿಕೆ ಆಂದೋಲನ ಶುರುವಾಯಿತು. ಆದರೂ ರೋಗ ಕೊನೆಯವರೆಗೆ ಬೇರು ಬಿಟ್ಟುಕೊಂಡು ಉಳಿದದ್ದು ದಕ್ಷಿಣದಲ್ಲೇ: ಆಂಧ್ರ, ಕರ್ನಾಟಕ, ತಮಿಳುನಾಡು, ಕೇರಳಗಳ ನಡುವೆ ದನಗಳು ಸಂತೆಯಿಂದ ಸಂತೆಗೆ ನಡೆಯುತ್ತಲೇ ಇದ್ದವು. 1987ರಲ್ಲಿ ಭಾರತದ ಶಾಂತಿಪಾಲನಾ ಪಡೆಯ ಊಟಕ್ಕೆಂದು ಒಯ್ದ ಆಡುಗಳ ಮೂಲಕ ದಶಕಗಳಿಂದ ರೋಗಮುಕ್ತವಾಗಿದ್ದ ಶ್ರೀಲಂಕಾಕ್ಕೂ ಅದು ದಾಟಿತು. ಭಾರತದಲ್ಲಿ 1995ರ ನಂತರ ದೊಡ್ಡರೋಗ ಕಂಡಿಲ್ಲ. 2006ರಲ್ಲಿ ದೇಶ, 2011ರಲ್ಲಿ ಜಗತ್ತು ಅದರಿಂದ ಮುಕ್ತವೆಂದು ಸಾರಲಾಯಿತು.

ಹಳೆಯ ಆಮದು ಕಾಯ್ದೆಗೆ 2001ರಲ್ಲಿ ತಿದ್ದುಪಡಿಯಾಗಿ ಮಾಂಸ, ಮೊಟ್ಟೆ, ಹಾಲಿನಂಥ ಉತ್ಪನ್ನಗಳೂ ಅದರಡಿ ಬಂದವು. ದಿಗ್ಬಂಧನ ಕೇಂದ್ರಗಳಿರುವ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಬೆಂಗಳೂರು, ಹೈದರಾಬಾದ್‌ಗಳ ಮೂಲಕವೇ ಇವು ಬರಬೇಕೆಂದು ಗೊತ್ತುಪಡಿಸಲಾಯಿತು. ವಿಶಾಖಪಟ್ಟಣದ ಬಂದರಿಗೆ ಸಿಕ್ಕದ್ದು ಮೀನಿನ ಉತ್ಪನ್ನಗಳ ಅನುಮತಿ. ಆ ಕರಾವಳಿಗೆ ಅದು ತಕ್ಕದ್ದೇ, ಏಕೆಂದರೆ ಆಂಧ್ರದ ಮುಂದಿನ ಪಾಠ ನಡೆದದ್ದು ನೀರಿನಲ್ಲಿ. 1994ರ ಹೊತ್ತಿಗೆ ಬಂದ ಬಿಳಿಚುಕ್ಕೆ ರೋಗ ಸಿಗಡಿ ಕೆರೆಗಳನ್ನು ಸಾಲುಸಾಲಾಗಿ ಖಾಲಿ ಮಾಡಿತು. ನಮ್ಮ ಉತ್ತರ ಕನ್ನಡದ ಗಜನಿ ಬಯಲುಗಳಲ್ಲಿ ಸಿಗಡಿ ಬಿಟ್ಟವರೂ ಸಾಲದಲ್ಲಿ ಮುಳುಗಿದರು. ಅದಕ್ಕೇ 2009ರಲ್ಲಿ ಅಮೆರಿಕ ಖಂಡ ಮೂಲದ ವೆನ್ನಾಮಿ ಸಿಗಡಿಗೆ ಅನುಮತಿ ಕೊಡುವಾಗ ಕ್ರಮ ತಿರುವುಮುರುವಾಯಿತು. ಈ ಸಲ ನಿಯಮ ಮೊದಲು, ಪ್ರಾಣಿ ಆಮೇಲೆ. ತಾಯಿ ಸಿಗಡಿಗಳು ಚೆನ್ನೈನ ನೀಲಾಂಕರೈನಲ್ಲಿರುವ ದಿಗ್ಬಂಧನ ಕೇಂದ್ರದಲ್ಲಿ ತಂಗಿ, ವೈರಾಣು ಪರೀಕ್ಷೆ ದಾಟಿದ ಮೇಲಷ್ಟೇ ಮರಿ ಮಾಡುವ ಕೇಂದ್ರಗಳಿಗೆ ಹೋಗಬೇಕು. ಕೆರೆಗಳಿಗೆ ಏಡಿ ನುಗ್ಗದ ಬೇಲಿ, ಹಕ್ಕಿ ಇಳಿಯದ ಬಲೆ ಕಡ್ಡಾಯವಾಯಿತು. ಆಮೇಲೂ ಬೇರೆ ಸೋಂಕುಗಳು ನುಸುಳಿದವು, ನಷ್ಟವೂ ಆಯಿತು. ಆದರೂ ಹಿಂದಿನಂತೆ ಕಣ್ಣುಮುಚ್ಚಿ ಬಿಟ್ಟಿದ್ದರೆ ಇವತ್ತಿನ ಆಂಧ್ರದ ಸಿಗಡಿ ಉದ್ಯಮ ಇರುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ಬಂದರು, ವಿಮಾನ ನಿಲ್ದಾಣಗಳ ಕಾವಲು ಹೀಗೆ ಬಿಗಿಯಾಗಿದೆ. ರಸ್ತೆಯದು ಹಾಗಿಲ್ಲ. ಚರ್ಮಗಂಟು ರೋಗ 2019ರಲ್ಲಿ ಒಡಿಶಾದಲ್ಲಿ ಮೊದಲು ಕಂಡಿತು. 2022ರ ಹೊತ್ತಿಗೆ ದೇಶದಲ್ಲಿ ಲಕ್ಷಕ್ಕೂ ಹೆಚ್ಚು ದನಗಳು ಸತ್ತವು. ಕರ್ನಾಟಕದಲ್ಲಿ ದನದ ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು. ಗಡಿಯಲ್ಲಿ ತಪಾಸಣಾ ಠಾಣೆ ಹಾಕುವ, ಲಸಿಕೆಯ ಗುರುತಿಲ್ಲದ ಪ್ರಾಣಿಯನ್ನು ರೋಗದ ವಲಯದಿಂದ ಆಚೆ ಬಿಡದಿರುವ ಅಧಿಕಾರವನ್ನು 2009ರ ಪ್ರಾಣಿರೋಗ ನಿಯಂತ್ರಣ ಕಾಯ್ದೆ ರಾಜ್ಯಗಳಿಗೆ ಕೊಟ್ಟಿದೆ. ಮಂಗಳಗಿರಿಯ ಪಕ್ಕದಲ್ಲಿ ಹಾದುಹೋಗುವ ಚೆನ್ನೈ–ಕೋಲ್ಕತ್ತ ಹೆದ್ದಾರಿಯಲ್ಲಾಗಲಿ, ಕೋಲಾರ, ಬಳ್ಳಾರಿಗಳ ಗಡಿಯಲ್ಲಾಗಲಿ ಆ ಠಾಣೆಗಳಿಗೆ ಹಗಲೂ ರಾತ್ರಿ ಪಶುವೈದ್ಯರು ಬೇಕು, ಲಾರಿಯಿಂದ ಇಳಿಸಿದ ದನಗಳನ್ನು ಕಟ್ಟಲು ನೆರಳು, ನೀರು, ಮೇವು ಬೇಕು. ರೋಗ ಬಂದಿದೆಯೆಂದು ತಾನಾಗಿ ಬಂದು ಹೇಳುವ ರೈತನಿಗೆ ಆ ದಿನವೇ ಪರಿಹಾರ ಕೈಸೇರುವಂತಾಗಬೇಕು.