ಒಂದು ಪೊಟರೆಗೆ 150 ವರ್ಷ



ನೀಲಗಿರಿ ಮರ ನಿಮಗೆಲ್ಲ ಗೊತ್ತು. ನೆಗಡಿಯಾದಾಗ ಮನೆಯಲ್ಲಿ ಹಚ್ಚುವ ನೀಲಗಿರಿ ಎಣ್ಣೆ ಬರುವುದು ಅದರ ಎಲೆಯಿಂದಲೇ. ಹೆಸರು ನೀಲಗಿರಿ ಅಂತ ಇದ್ದರೂ ಅದರ ಹುಟ್ಟೂರು ಮಾತ್ರ ಆಸ್ಟ್ರೇಲಿಯ. ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದಲ್ಲಿ ತಂದು ಉದಕಮಂಡಲದ ಸುತ್ತ ನೆಟ್ಟರು. ಈಗ ತೋಪುಗಳಲ್ಲಿ ಬೆಳೆಸಿ ಎಂಟು-ಹತ್ತು ವರ್ಷಕ್ಕೆಲ್ಲ ಕಡಿದು ಕಾಗದದ ಕಾರ್ಖಾನೆಗೆ ಕಳಿಸುತ್ತಾರೆ. ಹಾಗಾಗಿ ನೀಲಗಿರಿ ಬೆಟ್ಟದ ಕಡೆಯ ಮಕ್ಕಳನ್ನು ಬಿಟ್ಟರೆ, ಮುದಿ ನೀಲಗಿರಿ ಮರ ಹೇಗಿರುತ್ತದೆ ಅಂತ ನಮ್ಮಲ್ಲಿ ಹೆಚ್ಚಿನವರು ನೋಡಿಯೇ ಇಲ್ಲ. ಅಂಥ ಮುದಿ ಮರವನ್ನೇ ನಂಬಿ ಬದುಕುವ ಒಂದು ಪುಟ್ಟ ಪ್ರಾಣಿಯ ವಿಷಯ ಇಲ್ಲಿ ಹೇಳುತ್ತೇನೆ.

ಹೊಟ್ಟೆಚೀಲದ ಪ್ರಾಣಿ ಅಂದ ಕೂಡಲೇ ನೆಲದ ಮೇಲೆ ಕುಪ್ಪಳಿಸುವ ಕಾಂಗರೂ ನೆನಪಾಗುತ್ತದೆ, ಅಲ್ವಾ? ಆದರೆ ಆ ಬಳಗದಲ್ಲಿ ಇಡೀ ಬದುಕನ್ನು ಮರದ ಮೇಲೇ ಕಳೆಯುವವೂ ಬಹಳ ಇವೆ. ಅದರಲ್ಲಿ ಒಂದು ಲೆಡ್‌ಬೀಟರ್ ಪಾಸಮ್. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ, ಮೆಲ್ಬೋರ್ನ್ ನಗರದ ಪೂರ್ವಕ್ಕಿರುವ ಗುಡ್ಡಗಾಡಿನಲ್ಲಿ ಇದರ ವಾಸ. ತೂಕ ಸುಮಾರು 130 ಗ್ರಾಂ. ಬೆನ್ನ ಮೇಲೆ ಒಂದು ಕಪ್ಪು ಪಟ್ಟೆ, ತುದಿಯಲ್ಲಿ ದಪ್ಪಗಾಗುವ ಬಾಲ. ಹುಟ್ಟುವ ಮರಿ ಕಾಳಿನಷ್ಟು ಚಿಕ್ಕದು. ಅದು ತಾಯಿಯ ಚೀಲ ಸೇರಿ ಸುಮಾರು ಮೂರು ತಿಂಗಳು ಹಾಲು ಕುಡಿದುಕೊಂಡು ಅಲ್ಲೇ ಬೆಳೆಯುತ್ತದೆ.

ಇದಕ್ಕೆ ಬದುಕಲು ಎರಡು ಸಂಗತಿ ಬೇಕು. ಒಂದು ಊಟ. ಅಲ್ಲಿನ ಕಾಡಿನಲ್ಲಿ ದೊಡ್ಡ ಮರಗಳ ಕೆಳಗೆ ವಾಟಲ್ ಅನ್ನುವ ಮರ ದಟ್ಟವಾಗಿ ಬೆಳೆಯುತ್ತದೆ. ನಮ್ಮ ಜಾಲಿಮರದ ನೆಂಟ ಅದು. ಜಾಲಿಯ ತೊಗಟೆಯಿಂದ ಅಂಟು ಒಸರುವುದನ್ನು ಜತ್ತ, ಆದೋನಿ ಕಡೆಯವರು ನೋಡಿಯೇ ಇರುತ್ತೀರಿ. ಪಾಸಮ್ ಹಲ್ಲಿನಿಂದ ವಾಟಲ್ ತೊಗಟೆಗೆ ಗಾಯ ಮಾಡಿ, ಒಸರಿದ ರಸ ನೆಕ್ಕುತ್ತದೆ. ಜೊತೆಗೆ ಹುಳಹುಪ್ಪಟೆ ತಿನ್ನುತ್ತದೆ. ಇದರ ಹತ್ತಿರದ ಸಂಬಂಧಿಗಳಿಗೆ ಮೈಯ ಪಕ್ಕದಲ್ಲಿ ಚರ್ಮದ ಹಾಳೆ ಇದೆ, ನಮ್ಮ ಹಾರುವ ಅಳಿಲಿನ ಹಾಗೆ ಮರದಿಂದ ಮರಕ್ಕೆ ತೇಲುತ್ತವೆ. ಇದಕ್ಕೆ ಆ ಸೌಲಭ್ಯ ಇಲ್ಲ, ಕೊಂಬೆಯಿಂದ ಕೊಂಬೆಗೆ ನೆಗೆಯಬೇಕು. ಅದಕ್ಕೂ ವಾಟಲ್ ದಟ್ಟವಾಗಿರಬೇಕು.

ಇನ್ನೊಂದು, ಪೊಟರೆ. ಚಳಿಗಾಲದಲ್ಲಿ ಆ ಬೆಟ್ಟಗಳ ಮೇಲೆ ಹಿಮ ಬೀಳುತ್ತದೆ. ಇಷ್ಟು ಸಣ್ಣ ಮೈ ಬೇಗ ಶಾಖ ಕಳೆದುಕೊಳ್ಳುತ್ತದೆ. ಆದ್ದರಿಂದ ಗುಂಪಿನವೆಲ್ಲ ಮರದ ಪೊಟರೆಯೊಳಗೆ ತೊಗಟೆಯ ನಾರಿನ ಗೂಡು ಮಾಡಿ, ಹಗಲೆಲ್ಲ ಒಂದಕ್ಕೊಂದು ಅಂಟಿಕೊಂಡು ಮಲಗುತ್ತವೆ. ಒಂದು ಗುಂಪಿಗೆ ಒಂದೇ ಪೊಟರೆ ಸಾಲದು. ಆಗಾಗ ಮನೆ ಬದಲಿಸುತ್ತವೆ, ಹಾಗಾಗಿ ಹತ್ತಿರ ಹತ್ತಿರ ಹಲವು ಪೊಟರೆ ಮರಗಳು ಬೇಕು.

ಪೊಟರೆ ತಾನೇ, ಮರಕುಟಿಗ ಕೊರೆದುಕೊಡುತ್ತದೆ ಅಂತೀರಾ? ಆಸ್ಟ್ರೇಲಿಯದಲ್ಲಿ ಮರಕುಟಿಗವೇ ಇಲ್ಲ! ಅಲ್ಲಿ ಪೊಟರೆ ತಾನಾಗಿಯೇ ಆಗಬೇಕು. ಗಾಳಿಗೆ ಕೊಂಬೆ ಮುರಿಯಬೇಕು, ಆ ಗಾಯದಿಂದ ಶಿಲೀಂಧ್ರ ಒಳಗೆ ಹೋಗಬೇಕು, ಗೆದ್ದಲು ತಿರುಳು ತಿನ್ನಬೇಕು. ಈ ಕಾಡಿನ ಮುಖ್ಯ ಮರ ಮೌಂಟನ್ ಆ್ಯಶ್. ಇದೂ ನೀಲಗಿರಿಯ ಜಾತಿಯದೇ, ಹೂಬಿಡುವ ಮರಗಳಲ್ಲೇ ಅತಿ ಎತ್ತರದವುಗಳ ಸಾಲಿಗೆ ಸೇರಿದ್ದು. ಟಾಸ್ಮೇನಿಯದಲ್ಲಿರುವ ಈ ಜಾತಿಯ ಒಂದು ಮರ 100 ಮೀಟರ್ ಮುಟ್ಟಿದೆ. ಅಂದರೆ ವಿಜಯಪುರದ ಗೋಳಗುಮ್ಮಟದ ಮೇಲೆ ಇನ್ನೊಂದು ಗುಮ್ಮಟ ಇಟ್ಟ ಹಾಗೆ. ಇಂಥ ಮರದಲ್ಲಿ ಪೊಟರೆ ಶುರುವಾಗಲು ಕನಿಷ್ಠ 120 ವರ್ಷ. ಪಾಸಮ್ ಗುಂಪೊಂದು ಆರಾಮಾಗಿ ಇರುವಂಥದ್ದಕ್ಕೆ 150 ವರ್ಷ ಅಥವಾ ಇನ್ನೂ ಹೆಚ್ಚು. ಮೊದಲ ಸಲ ಓದಿದಾಗ ನನಗೂ ನಂಬಿಕೆ ಬರಲಿಲ್ಲ.

ಈಗ ಇದರ ಕಥೆ ನೋಡಿ. ವಿಜ್ಞಾನಿಗಳು ಈ ಪ್ರಾಣಿಗೆ ಹೆಸರಿಟ್ಟದ್ದು 1867ರಲ್ಲಿ. ಸಿಕ್ಕಿದ್ದು ಬೆರಳೆಣಿಕೆಯಷ್ಟು. 1909ರ ಮೇಲೆ ಒಂದೂ ಕಾಣಲಿಲ್ಲ. 1939ರ ಜನವರಿ 13ರಂದು ವಿಕ್ಟೋರಿಯದ ಕಾಡಿಗೆ ಭೀಕರ ಬೆಂಕಿ ಬಿತ್ತು. ಪ್ರಾಣಿ ಅಳಿದೇ ಹೋಯಿತು ಅಂದುಕೊಂಡರು. ಆದರೆ 1961ರ ಏಪ್ರಿಲ್‌ನಲ್ಲಿ ಮೇರಿಸ್‌ವಿಲ್ ಊರಿನ ಹತ್ತಿರದ ಕಾಡಿನಲ್ಲಿ ಎರಿಕ್ ವಿಲ್ಕಿನ್ಸನ್ ಎಂಬ ನಿಸರ್ಗ ವೀಕ್ಷಕರ ಕಣ್ಣಿಗೆ ಇದು ಬಿತ್ತು. ಆಮೇಲೆ ಹುಡುಕಿದಲ್ಲೆಲ್ಲ ಸಿಗತೊಡಗಿತು. 1971ರಲ್ಲಿ ವಿಕ್ಟೋರಿಯದ ರಾಜ್ಯಪ್ರಾಣಿಯೂ ಆಯಿತು.

ಬೆಂಕಿ ಬಿದ್ದ ಕಾಡಿನಲ್ಲಿ ಪ್ರಾಣಿ ಹೆಚ್ಚಿದ್ದು ಹೇಗೆ? ಇಲ್ಲೇ ಇರುವುದು ಸ್ವಾರಸ್ಯ. ಹೆಚ್ಚಿನ ನೀಲಗಿರಿ ಜಾತಿಗಳು ಸುಟ್ಟರೂ ಕಾಂಡದಿಂದ ಮತ್ತೆ ಚಿಗುರುತ್ತವೆ. ಮೌಂಟನ್ ಆ್ಯಶ್ ಹಾಗಲ್ಲ, ಬೆಂಕಿ ಜೋರಾದರೆ ಸತ್ತೇಹೋಗುತ್ತದೆ. ಬೀಜ ಮಾತ್ರ ಬೂದಿಯ ಮೇಲೆ ಉದುರಿ ಹೊಸ ಕಾಡು ಏಳುತ್ತದೆ, ಜೊತೆಗೇ ವಾಟಲ್ ಕೂಡ ದಟ್ಟವಾಗಿ ಬರುತ್ತದೆ. ಸತ್ತ ಮುದಿಮರಗಳಲ್ಲಿ ಎಷ್ಟನ್ನೋ ಜನ ಮರಮಟ್ಟಿಗಾಗಿ ಕಡಿದರು. ಉಳಿದವು ಪೊಟರೆ ಸಮೇತ ದಶಕಗಳ ಕಾಲ ಒಣಗಿ ನಿಂತೇ ಇದ್ದವು. ಮೇಲೆ ಹಳೇ ಮನೆ, ಕೆಳಗೆ ಹೊಸ ಊಟ. ಪಾಸಮ್‌ಗೆ ಇನ್ನೇನು ಬೇಕು!

ಆದರೆ ಒಣಮರ ಎಷ್ಟು ದಿನ ನಿಂತೀತು? ಬುಡ ಕೊಳೆತು ಒಂದೊಂದಾಗಿ ಬೀಳತೊಡಗಿದವು. ಇದನ್ನು ಅಂಕಿಗಳಲ್ಲಿ ತೋರಿಸಿದವರಲ್ಲಿ ಮುಖ್ಯರು ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಡೇವಿಡ್ ಲಿಂಡನ್‌ಮೇಯರ್. 1983ರಿಂದ ಅವರು ಈ ಕಾಡಿನ ಅಧ್ಯಯನ ಮಾಡುತ್ತಿದ್ದಾರೆ. ಅವರ ತಂಡದ ಒಂದು ವಿಧಾನ ಬಹಳ ಸರಳ. ಆರಿಸಿಕೊಂಡ ಜಾಗದಲ್ಲಿ ಪೊಟರೆ ಇರುವ ಪ್ರತಿ ಮರದ ಕೆಳಗೂ ಒಬ್ಬೊಬ್ಬರು ಕೂರುತ್ತಾರೆ. ಸಂಜೆ ಬೆಳಕು ಆರುವಾಗ ಆಕಾಶದ ಎದುರು ಮರದ ತುದಿಯನ್ನೇ ದಿಟ್ಟಿಸುತ್ತಾರೆ. ಪೊಟರೆಯಿಂದ ಪ್ರಾಣಿಗಳು ಹೊರಬರುವಾಗ ನೆರಳಿನ ಹಾಗೆ ಕಾಣುತ್ತವೆ, ಅವನ್ನು ಎಣಿಸುತ್ತಾರೆ. ಎಲ್ಲ ಮರಗಳನ್ನೂ ಒಂದೇ ಹೊತ್ತಿಗೆ ನೋಡುವುದರಿಂದ ಯಾವುದೂ ತಪ್ಪಿಹೋಗುವುದಿಲ್ಲ, ಎರಡು ಸಲ ಲೆಕ್ಕಕ್ಕೂ ಬರುವುದಿಲ್ಲ. ಸ್ವಯಂಸೇವಕರೂ ಹೀಗೆ ಚಳಿಯಲ್ಲಿ ಕುತ್ತಿಗೆ ನೋಯುವ ತನಕ ಮೇಲೆ ನೋಡಿದ್ದಾರೆ. ಈಚೆಗೆ ಮರದ ತುದಿಗೆ ಕ್ಯಾಮೆರಾ ಕಟ್ಟಿ, ಜೇನುತುಪ್ಪದ ಆಸೆ ತೋರಿಸಿ ಫೋಟೋ ತೆಗೆಯುವುದೂ ಉಂಟು.

ಈ ಎಣಿಕೆಗೆ ಬೆಲೆಯೂ ಇತ್ತು. 2014ರಿಂದ, ಪಾಸಮ್ ಗುಂಪು ಕಂಡ ಜಾಗದ ಸುತ್ತ 200 ಮೀಟರ್ ಒಳಗೆ ಮರ ಕಡಿಯಬಾರದು ಎಂಬ ನಿಯಮ ಬಂತು. ಕತ್ತಲಲ್ಲಿ ಕಂಡ ಒಂದು ನೆರಳು ಹನ್ನೆರಡೂವರೆ ಹೆಕ್ಟೇರ್ ಕಾಡನ್ನು ಉಳಿಸಬಹುದಿತ್ತು. ಮರಕಡಿತದಿಂದ ಹೊಟ್ಟೆ ಹೊರೆಯುತ್ತಿದ್ದ ಊರುಗಳಿಗೆ ಅದೇ ನೆರಳು ಕೆಲಸದ ಚಿಂತೆ. ಜಗಳ ಕೋರ್ಟಿನ ತನಕ ಹೋಯಿತು.

ಅಷ್ಟರೊಳಗೆ, 2009ರ ಫೆಬ್ರವರಿ 7ರಂದು ಮತ್ತೆ ದೊಡ್ಡ ಬೆಂಕಿ. 173 ಜನ ಸತ್ತರು. ಪಾಸಮ್‌ಗಳ ಕಾಡಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸುಟ್ಟಿತು. 1939ರಲ್ಲಿ ಉಳಿದಿದ್ದಂಥ ಮುದಿಮರಗಳು ಈ ಸಲ ಹೆಚ್ಚು ಇರಲಿಲ್ಲ. 2015ರಲ್ಲಿ ಸರ್ಕಾರ ಇದನ್ನು ತೀವ್ರ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿತು.

ಹಾಗಾದರೆ ಪೆಟ್ಟಿಗೆ ಮಾಡಿ ಮರಕ್ಕೆ ಕಟ್ಟಬಾರದೇ? ಕಟ್ಟಿದ್ದಾರೆ. ಯೆಲ್ಲಿಂಗ್‌ಬೋ ಎಂಬಲ್ಲಿನ ಜವುಗು ಕಾಡಿನಲ್ಲಿ ಪಾಸಮ್‌ಗಳು ಅವನ್ನೇ ನೆಚ್ಚಿಕೊಂಡಿವೆ. ಆದರೆ ಮೌಂಟನ್ ಆ್ಯಶ್ ಕಾಡಿನಲ್ಲಿ ಪೆಟ್ಟಿಗೆಗಳಿಗೆ ಬಂದವು ಕಡಿಮೆ, ಪೆಟ್ಟಿಗೆಗಳೂ ಕೆಲವೇ ವರ್ಷಕ್ಕೆ ಮುರಿದು ಬಿದ್ದವು. ಈಗ ಮರ ಹತ್ತುವ ಪರಿಣತರು ಯಂತ್ರಗರಗಸದಿಂದ ಜೀವಂತ ಮರದಲ್ಲೇ ಪೊಟರೆ ಕೊರೆಯುತ್ತಿದ್ದಾರೆ. ಕೆಲವಕ್ಕೆ ಪಾಸಮ್‌ಗಳು ನಾರು ತಂದು ತುಂಬಿವೆ. ಒಳ್ಳೆಯ ಸುದ್ದಿಯೇ, ಆದರೆ ಇಡೀ ಕಾಡಿಗೆ ಎಷ್ಟು ಮರ ಹತ್ತಲು ಸಾಧ್ಯ?

2024ರ ಜನವರಿ 1ರಿಂದ ವಿಕ್ಟೋರಿಯ ಸರ್ಕಾರ ತನ್ನ ನೈಸರ್ಗಿಕ ಕಾಡುಗಳಲ್ಲಿ ವಾಣಿಜ್ಯ ಮರಕಡಿತವನ್ನು ನಿಲ್ಲಿಸಿತು. ಹಾಗಂತ ಪೊಟರೆ ಕೂಡಲೇ ಬರುವುದಿಲ್ಲ. ಅಲ್ಲಿನ ಮರಗಳಲ್ಲಿ ಬಹುಪಾಲು 1939ರ ಬೂದಿಯಿಂದ ಎದ್ದವು. ಒಂದು ಲೆಕ್ಕ ಕೊಡುತ್ತೇನೆ: 1939ಕ್ಕೆ 120 ಕೂಡಿಸಿ. 2059 ಬಂತಲ್ಲ? ಅಲ್ಲಿಯ ತನಕ ಬೆಂಕಿ ಬೀಳದಿದ್ದರೆ ಆ ಮರಗಳಲ್ಲಿ ಪೊಟರೆ ಶುರುವಾದೀತು. ಆಗ ನಿಮ್ಮ ವಯಸ್ಸು ಎಷ್ಟು? ಈಗ 150 ಕೂಡಿಸಿ ನೋಡಿ.

ಅವರ ಎಣಿಕೆಯ ವಿಧಾನವನ್ನು ನೀವೂ ಪ್ರಯತ್ನಿಸಬಹುದು. ನಿಮ್ಮೂರಲ್ಲಿ ಪೊಟರೆ ಇರುವ ಹಳೇ ಆಲವೋ ಮಾವೋ ಇದ್ದರೆ, ಸಂಜೆ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಸ್ವಲ್ಪ ದೂರ ಕೂತು ನೋಡಿ. ಗಿಳಿ, ಗೊರವಂಕ ಒಳಗೆ ಹೋಗುವ ಹೊತ್ತಿಗೆ ಹಾಲಕ್ಕಿ ಹೊರಗೆ ಬರಬಹುದು. ಸಮಯ, ಮರದ ಹೆಸರು, ಎಷ್ಟು ಬಂದವು, ಇಷ್ಟು ಬರೆದಿಟ್ಟುಕೊಳ್ಳಿ. ಪೊಟರೆಗೆ ಕೈ ಮಾತ್ರ ಹಾಕಬೇಡಿ, ಹಾವಿಗೂ ಅದು ಇಷ್ಟದ ಜಾಗ.