ಚಿತ್ರದ ಹಾಳೆ ಮನೆಮಂದಿಗೆಲ್ಲ

ಮಾತು ಬಾರದ ಮಗನ ಕೈಗೆ ಚಿತ್ರದ ಹಾಳೆ ಕೊಡಿ ಎಂದರೆ ತಂದೆತಾಯಿ ಹಿಂಜರಿಯುತ್ತಾರೆ. ಬೆರಳು ತೋರಿಸುವುದೇ ರೂಢಿಯಾದರೆ ಇನ್ನು ಬಾಯಿ ಬಿಟ್ಟಾನೆಯೇ ಎಂಬ ಅಂಜಿಕೆ ಅವರದು. ಮಿಲ್ಲರ್, ಲೈಟ್, ಶ್ಲಾಸರ್ ಎಂಬ ಸಂಶೋಧಕರು 2006ರಲ್ಲಿ, ಸನ್ನೆ, ಚಿತ್ರದಂಥ ನೆರವು ಪಡೆದವರ ಬಗೆಗಿನ ಹಿಂದಿನ ಅಧ್ಯಯನಗಳನ್ನು ಜಾಲಾಡಿ, ಗಟ್ಟಿ ಪುರಾವೆಯಿದ್ದ 27 ಪ್ರಕರಣಗಳನ್ನು ಆರಿಸಿಕೊಂಡರು. ಅವುಗಳಲ್ಲಿ ಒಬ್ಬರ ಮಾತೂ ಕುಗ್ಗಿರಲಿಲ್ಲ. ಶೇ 89ರಷ್ಟು ಮಂದಿಯ ಮಾತು ತುಸುವಾದರೂ ಹೆಚ್ಚಿತ್ತು.

ಸನ್ನೆ, ಚಿತ್ರದ ಹಾಳೆ, ಮುಟ್ಟಿದರೆ ದನಿ ಹೊರಡಿಸುವ ಟ್ಯಾಬ್, ಇವೆಲ್ಲಕ್ಕೂ ಒಟ್ಟಾಗಿ ಎಎಸಿ, ಅಂದರೆ ಪೂರಕ ಮತ್ತು ಪರ್ಯಾಯ ಸಂವಹನ, ಎನ್ನುತ್ತಾರೆ. ಚೆನ್ನೈನ ಅವಾಜ್, ಐಐಟಿ ಬಾಂಬೆಯ ಜೆಲ್ಲೋ ನಮ್ಮಲ್ಲೇ ಹುಟ್ಟಿದ ಆ್ಯಪ್‌ಗಳು. ಆದರೆ ಸಿರುಗುಪ್ಪದ ಗದ್ದೆಯ ಬದುವಿನಲ್ಲಿ, ಬಳ್ಳಾರಿಯ ಉರಿಬಿಸಿಲಿನಲ್ಲಿ ಟ್ಯಾಬಿನ ಪರದೆ ಕಾಣುವುದೇ ಇಲ್ಲ. ಲ್ಯಾಮಿನೇಟ್ ಮಾಡಿಸಿದ ಹಾಳೆಗೆ ಚಾರ್ಜೂ ಬೇಡ, ನೆರಳೂ ಬೇಡ.

ಮನೆಮಂದಿ ಎಡವುವುದು ಬೇರೆ ಕಡೆ. ಹಾಳೆ ಮಗುವಿನದು, ತಮ್ಮದಲ್ಲ ಅಂದುಕೊಳ್ಳುತ್ತಾರೆ. ಮಾತಾಡುವ ಕೂಸು ಮೊದಲ ಮಾತು ಆಡುವ ಮುಂಚೆ ಹೆಚ್ಚುಕಡಿಮೆ ಒಂದು ವರ್ಷ ಮಾತು ಕೇಳಿರುತ್ತದೆ. ಚಿತ್ರದಲ್ಲಿ ಮಾತಾಡಬೇಕಾದ ಕೂಸಿಗೆ ಚಿತ್ರದಲ್ಲಿ ಮಾತಾಡುವವರೇ ಕಾಣುವುದಿಲ್ಲ! ಹಾಗಾಗಿ ರೊಟ್ಟಿ ಬಡಿಯುವ ಅವ್ವ "ಇನ್ನೊಂದು ರೊಟ್ಟಿ ಬೇಕೇನಪಾ?" ಎನ್ನುತ್ತ ತಾನೇ 'ಇನ್ನೊಂದು', 'ರೊಟ್ಟಿ', 'ಬೇಕು' ಚಿತ್ರಗಳನ್ನು ಮುಟ್ಟಬೇಕು. ಆಮೇಲೆ ಹತ್ತು ಸೆಕೆಂಡು ಸುಮ್ಮನಿರಬೇಕು. "ಹೇಳೋ, ಹೇಳೋ" ಎಂದು ಬೆನ್ನು ಹತ್ತಬಾರದು. ಬಹುಶಃ ಇದೇ ಎಲ್ಲಕ್ಕಿಂತ ಕಷ್ಟದ ಪಾಠ.

ಕನ್ನಡ, ತೆಲುಗು, ಉರ್ದು ಮೂರೂ ಓಡಾಡುವ ಬಳ್ಳಾರಿಯಲ್ಲಿ ಹಾಳೆ ಯಾವ ಭಾಷೆಯದಿರಬೇಕು? ಅಜ್ಜಿ ಯಾವುದರಲ್ಲಿ ಗದರುತ್ತಾಳೋ ಅದರದು. ಎರಡು ಭಾಷೆ ಕೇಳಿದರೆ ಮಗು ಹಿಂದೆ ಬೀಳುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಬಹಳ ಆ್ಯಪ್‌ಗಳಲ್ಲಿ ಪಿಜ್ಜಾದ ಚಿತ್ರವಿರುತ್ತದೆ. ಒಗ್ಗರಣಿ ಮಂಡಕ್ಕಿಯ ಫೋಟೋ ನಾವೇ ತೆಗೆದು ಸೇರಿಸಬೇಕು. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಗೆ ಹೊರಡುವ ಮುಂಚೆ 'ತೇರು' ಇರಲಿ, ಜೊತೆಗೆ 'ಗದ್ದಲ ಬ್ಯಾಡ', 'ಮನಿಗೆ ಹೋಗಾಣ' ಕೂಡ. ಒಮ್ಮೆ ಇಟ್ಟ ಚಿತ್ರದ ಜಾಗ ಬದಲಿಸಬೇಡಿ. ಬೆರಳಿಗೆ ಜಾಗದ ನೆನಪಿರುತ್ತದೆ. ತಿಂಡಿ, ಆಟಿಕೆಗಳನ್ನೇ ತುಂಬಿದ ಹಾಳೆಯಲ್ಲಿ ಮಗು ಬರೀ ಬೇಡಬಹುದು, ಜಗಳಾಡಲಾಗದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ಪರ್ಯಾಯ ವಿಧಾನಗಳನ್ನೂ ಸಂವಹನವೆಂದೇ ಹೇಳಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ದುಬಾರಿ ಟ್ಯಾಬ್ ಕೊಳ್ಳುವ ಮೊದಲು ಮಗುವಿನ ಕೈ, ಕಣ್ಣು, ಕಿವಿ ಎಷ್ಟು ಕೆಲಸ ಮಾಡುತ್ತವೆ ಎಂದು ವಾಕ್ ತಜ್ಞರಿಂದ ನೋಡಿಸಿ. ಹಾಳೆಯನ್ನು ಮಾತ್ರ ಇವತ್ತೇ ಶುರು ಮಾಡಬಹುದು.