ಪಲ್ಯಕ್ಕೆ ನಿಂಬೆಹುಳಿ ಕೊನೆಗೇ ಏಕೆ?

ಪ್ರಶ್ನೆ: ಸೊಪ್ಪಿನ ಪಲ್ಯ, ಕಾಳಿನ ಉಸಲಿಗೆ ಒಲೆ ಆರಿಸಿದ ಮೇಲೆಯೇ ನಿಂಬೆಹಣ್ಣು ಹಿಂಡಬೇಕು ಅನ್ನುತ್ತಾರಲ್ಲ, ಏಕೆ?

ರುಚಿಗಷ್ಟೇ ಅಲ್ಲ. ಸೊಪ್ಪು, ಕಾಳು, ರಾಗಿಯಲ್ಲಿ ಕಬ್ಬಿಣದ ಅಂಶವಿದ್ದರೂ ಬಹುಪಾಲು ಮೈಗೆ ಹತ್ತುವುದಿಲ್ಲ. ಅದು ಹೆಚ್ಚಾಗಿ ಫೆರಿಕ್ ರೂಪದಲ್ಲಿರುತ್ತದೆ. ಕರುಳು ಸುಲಭವಾಗಿ ಒಳಬಿಡುವುದು ಫೆರಸ್ ರೂಪವನ್ನು. ಬಾಗಿಲಲ್ಲಿ ಹಿಡಿಸದ ಮಂಚವನ್ನು ಬಡಗಿ ಕಳಚಿ ಒಳಗೆ ಸಾಗಿಸುವಂತೆ, ನಿಂಬೆಯ ವಿಟಮಿನ್ ಸಿ ಕಬ್ಬಿಣದ ರೂಪ ಬದಲಿಸಿ ದಾಟಿಸುತ್ತದೆ. ಆದರೆ ಈ ವಿಟಮಿನ್ ಬಿಸಿಗೆ ಬೇಗ ಹಾಳಾಗುತ್ತದೆ. ಕುದಿಯುವ ಬಾಣಲೆಗೆ ಹಿಂಡಿದರೆ ಹುಳಿಯೇನೋ ಉಳಿಯುತ್ತದೆ, ವಿಟಮಿನ್ ಒಂದಷ್ಟು ನಾಶವಾಗುತ್ತದೆ. ತಟ್ಟೆಗೆ ಬಡಿಸಿಕೊಂಡು ಹಿಂಡಿದರೆ ಇನ್ನೂ ಒಳ್ಳೆಯದು. ಕಾಳು ಮೊಳಕೆ ಕಟ್ಟಿದ್ದಾದರೆ, ಕಬ್ಬಿಣವನ್ನು ಹಿಡಿದಿಡುವ ಫೈಟಿಕ್ ಆಮ್ಲವೂ ತಗ್ಗಿರುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಮಾತ್ರ ದಯವಿಟ್ಟು ಬೇಡ. ಅವುಗಳಲ್ಲಿರುವ ಪಾಲಿಫೀನಾಲ್‌ಗಳು ಕಬ್ಬಿಣವನ್ನು ಮತ್ತೆ ಕಟ್ಟಿಹಾಕುತ್ತವೆ. ಒಂದು ಗಂಟೆಯಾದರೂ ಬಿಟ್ಟು ಕುಡಿಯಿರಿ.